ಕಲಿಯುವ ಮನಸ್ಸು ಯಾರಿಗಿಲ್ಲ?

ಇಳಕಲ್ಲಿನ ಸೀರೆ ಅಂಗಡಿಯ ಮಾಲೀಕರೊಬ್ಬರು ಬರೆದಿದ್ದಾರೆ: “ಬಿಲ್ಲಿಂಗಿಗೆ ಕಂಪ್ಯೂಟರ್ ತಂದು ಎರಡು ವರ್ಷವಾಯಿತು. ಮಾರಿದವರು ಒಂದು ಮಧ್ಯಾಹ್ನ ಬಂದು ಕಲಿಸಿ ಹೋದರು. ಪರದೆಯೆಲ್ಲ ಇಂಗ್ಲಿಷ್ ಎಂದು ಹಳೆಯ ಗುಮಾಸ್ತರು ಮುಟ್ಟಲು ಅಂಜುತ್ತಾರೆ. ಕಲಿತ ಹುಡುಗರು ಪುಣೆಗೆ ಹೋಗಿಬಿಡುತ್ತಾರೆ. ಕಲಿಯುವ ಮನಸ್ಸೇ ಇಲ್ಲದವರನ್ನು ಇಟ್ಟುಕೊಂಡು ಸಣ್ಣ ವ್ಯಾಪಾರಿ ಬದುಕುವುದು ಹೇಗೆ?”

ಮಾನ್ಯರೇ, ತಮ್ಮ ಕಷ್ಟ ಸಣ್ಣದಲ್ಲ. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವವರು 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-3ಬಿ ಮುಗಿಸಲೇಬೇಕು. ಆದರೆ “ಕಲಿಯುವ ಮನಸ್ಸೇ ಇಲ್ಲ” ಎಂಬ ಮಾತನ್ನು ನಾನು ಒಪ್ಪಲಾರೆ.

ನಮ್ಮ ಮುದ್ರಣಾಲಯದಲ್ಲಿ ಆಯುಷ್ಯವಿಡೀ ಸೀಸದ ಅಚ್ಚುಮೊಳೆ ಜೋಡಿಸಿದ ಹಿರಿಯರೊಬ್ಬರಿದ್ದರು. ಕಂಪ್ಯೂಟರ್ ಬಂದಾಗ ಅವರಿಗೆ ಬೇರೆ ಕೆಲಸ ಹೇಳದೆ ದಿನಕ್ಕೊಂದು ತಾಸು ಅದರ ಮುಂದೆ ಕೂರಿಸಿದೆವು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ವ್ಯಂಜನದ ಬೆನ್ನಿಗೆ ಸ್ವರ ಒತ್ತಿದರೆ ಗುಣಿತಾಕ್ಷರ ಮೂಡುವುದನ್ನು ಕಂಡು, “ಇದು ನಾವು ಸಾಲ್ಯಾಗ ಕಲಿತ ಕಾಗುಣಿತನ ಅಲ್ಲೇನ್ರಿ?” ಎಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಪತ್ರಿಕೆಯ ಒಂದು ಸಂಚಿಕೆಯನ್ನು ಪೂರ್ತಿ ಅವರೇ ಜೋಡಿಸಿದರು.

ತಮ್ಮ ಊರಿನ ನೇಕಾರರು ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಹಾಸಿನೊಂದಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತವರಲ್ಲ. ಮನೆಯ ಹಿರಿಯರ ಪಕ್ಕ ಕುಳಿತು, ಎಳೆ ಹರಿದಾಗ ಬೈಸಿಕೊಂಡು ಕಲಿತವರು. ಕಿರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ), ಜಮಾ, ಉದ್ರಿಗಳನ್ನು ಬಾಯಿಪಾಠ ಬಲ್ಲ ತಮ್ಮ ಗುಮಾಸ್ತರಿಗೆ ಲೆಕ್ಕ ಹೊಸದಲ್ಲ, ಅದರ ಇಂಗ್ಲಿಷ್ ಹೆಸರು ಹೊಸದು. ಇನ್ನು ಪುಣೆಗೆ ಹೋದ ಹುಡುಗರ ವಿಚಾರ: ಅವರು ಕಲಿತ ಮೇಲೆ ಸಂಬಳ ಎಷ್ಟು ಏರಿಸಿದಿರಿ ಎಂಬುದನ್ನು ತಾವು ಬರೆದಿಲ್ಲ.

ಸರಿಯಾಗಿ ಕಲಿಸದೆ ದೂರುವುದರಲ್ಲಿ ಸರ್ಕಾರದ ನಡೆಯೂ ಇದೇ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಹಾಲು, ತರಕಾರಿ ಮಾರುವವರಿಗೂ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ, ಹೆದರಿದ ಎಷ್ಟೋ ಅಂಗಡಿಕಾರರು ಕ್ಯೂಆರ್ ಕೋಡನ್ನೇ ತೆಗೆದುಹಾಕಿದರು. ಮೊಬೈಲಿನಲ್ಲಿ ಹಣ ಪಡೆಯುವುದನ್ನು ಕಲಿಸಲು ಕಂಪನಿಯವರು ಅಂಗಡಿ ಅಂಗಡಿ ತಿರುಗಿದ್ದರು. ತೆರಿಗೆ ಇರುವ ಸರಕಿನ ಮತ್ತು ಇಲ್ಲದ ಸರಕಿನ ಮಾರಾಟವನ್ನು ಬೇರೆ ಬೇರೆ ಬರೆದಿಡಬೇಕೆಂದು ಆ ಬಡ ವ್ಯಾಪಾರಿಗಳಿಗೆ ಅವರ ಭಾಷೆಯಲ್ಲಿ, ಅವರ ಕಟ್ಟೆಯ ಮೇಲೆ ಕುಳಿತು ಹೇಳಿದವರು ಯಾರು?

ಆಷಾಢದಲ್ಲಿ ಮದುವೆಗಳಿಲ್ಲದೆ ಸೀರೆ ಅಂಗಡಿ ಬಿಡುವಾಗಿರುತ್ತದೆ. ಆ ತಿಂಗಳು ಗುಮಾಸ್ತರನ್ನು ಹಳೆಯ ಬಿಲ್ಲುಗಳ ಸಮೇತ ದಿನಕ್ಕೊಂದು ತಾಸು ಕಂಪ್ಯೂಟರಿನ ಮುಂದೆ ಕೂರಿಸಿ, ತಪ್ಪಿದರೆ ಬೈಯಬೇಡಿ. ತಮ್ಮ ಪರದೆಯ ಮೇಲಿನ ಇಂಗ್ಲಿಷ್ ಶಬ್ದಗಳನ್ನು ಬರೆದು ಕಳುಹಿಸಿದರೆ, ಅವುಗಳ ಎದುರು ಕನ್ನಡ ಬರೆದ ಪಟ್ಟಿಯನ್ನು ನಾನೇ ಅಚ್ಚು ಹಾಕಿಸಿ ಕೊಡುತ್ತೇನೆ.