ಕೌನ್ಸೆಲರೂ ಬೇಕು, ಗಣಿತದ ಮೇಷ್ಟ್ರೂ ಬೇಕು

ತುಮಕೂರು ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪತ್ರ: "ಶಾಲೆಗೊಬ್ಬ ಮನಶ್ಶಾಸ್ತ್ರಜ್ಞರು ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಗಣಿತಕ್ಕೇ ಮೇಷ್ಟ್ರಿಲ್ಲ! ನಮ್ಮ ಕಾಲದಲ್ಲಿ ಮಕ್ಕಳ ಕಷ್ಟಸುಖ ನಾವೇ ಕೇಳುತ್ತಿದ್ದೆವು. ಮಕ್ಕಳನ್ನು ಮೆತ್ತಗೆ ಮಾಡಬೇಡಿ."

ಮೇಷ್ಟ್ರೇ, ನಮಸ್ಕಾರ.

ಗಣಿತದ ಹುದ್ದೆ ತುಂಬಲೇಬೇಕು, ಎರಡು ಮಾತಿಲ್ಲ. ಆದರೆ ಅಲ್ಲಿಯವರೆಗೆ ಕೌನ್ಸೆಲರ್, ಅಂದರೆ ಮಕ್ಕಳ ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸುವವರು, ಕಾಯಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇಂಥ ಹುಡುಗರನ್ನು ನೀವೂ ನೋಡಿರುತ್ತೀರಿ. ಏಳನೇ ಕ್ಲಾಸ್‌ವರೆಗೆ ಊರಿನ ಶಾಲೆ, ಎಂಟಕ್ಕೆ ಬಸ್ ಹತ್ತಿ ಹೋಬಳಿಯ ಹೈಸ್ಕೂಲು. ಪ್ರಾರ್ಥನೆ ಹೊತ್ತಿಗೆ ಹೊಟ್ಟೆನೋವು. ಮೊದಲ ಸಲ ಮಾತ್ರೆ ಕೊಡುತ್ತೇವೆ, ಎರಡನೇ ಸಲ ಮನೆಗೆ ಕಳಿಸುತ್ತೇವೆ, ಮೂರನೇ ಸಲ 'ನಾಟಕ ಮಾಡ್ತಾನೆ' ಅನ್ನುತ್ತೇವೆ. ತರಬೇತಿ ಇರುವವರು ಮೊದಲು ಡಾಕ್ಟರ ಹತ್ತಿರ ತೋರಿಸಿದ್ದಾರಾ ಅಂತ ಕೇಳುತ್ತಾರೆ. ಆಮೇಲೆ ಯಾವ್ಯಾವ ದಿನ ನೋವು ಬಂತು ಅಂತ ಬರೆದುಕೊಂಡು, ಹಾಜರಿ ಪುಸ್ತಕವನ್ನೂ ಟೈಮ್‌ಟೇಬಲನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಮೊದಲ ಪೀರಿಯಡ್ ಇಂಗ್ಲಿಷ್ ಇದ್ದ ದಿನವೇ ನೋವು! ಒಮ್ಮೆ ಎದ್ದು ನಿಂತು ಓದುವಾಗ ತಡವರಿಸಿದ್ದಕ್ಕೆ ಕ್ಲಾಸೆಲ್ಲ ನಕ್ಕಿತ್ತು, ಅಷ್ಟೇ. ಅವನಿಗೆ ಅಕ್ಷರಗಳೇ ಗೊಂದಲವಾಗುತ್ತಿವೆಯಾ ಅಂತ ಪರೀಕ್ಷೆ ಮಾಡಿಸುವುದು, ನಾಳೆ ಓದಬೇಕಾದ ಎರಡು ಸಾಲು ಇವತ್ತೇ ಹೇಳಿಡಿ ಅಂತ ಇಂಗ್ಲಿಷ್ ಟೀಚರ್ ಹತ್ತಿರ ಮಾತಾಡುವುದು, ಇವೆಲ್ಲ ಆ ಕೆಲಸದವರಿಗೆ ಗೊತ್ತಿರುತ್ತದೆ.

ನೀವು ಕೇಳುತ್ತಿದ್ದಿರಿ, ನಂಬುತ್ತೇನೆ. ಈಗ ಅದೇ ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ಗಣತಿ, ಆನ್‌ಲೈನ್ ಎಂಟ್ರಿ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮಾರ್ಕ್ಸ್ ಹಾಕುವವರ ಹತ್ತಿರ ಮಗು ಎಲ್ಲವನ್ನೂ ಹೇಳುವುದಿಲ್ಲ. ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪನ ವಿಷಯವನ್ನಂತೂ ಹೇಳುವುದೇ ಇಲ್ಲ.

ಇನ್ನು ಮೆತ್ತಗಾಗುವ ಮಾತು. ನಕ್ಕ ಮಕ್ಕಳಿಗೂ ಕಲಿಸಬೇಕಾದ್ದು ಇದೆ ಅಲ್ವಾ? ಸಿಟ್ಟು ಬಂದಾಗ ಕೈ ಎತ್ತದೆ ಇರುವುದು, ಬೇಡ ಅನ್ನಿಸಿದ್ದಕ್ಕೆ ಬೇಡ ಅನ್ನುವುದು, ಜಗಳವಾಡಿದವನ ಜೊತೆ ಮತ್ತೆ ಕೂತು ಮಾತಾಡುವುದು. ಇದನ್ನೇ ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ ಅನ್ನುವುದು. ಇಂಥ 213 ಕಾರ್ಯಕ್ರಮಗಳನ್ನು, ಸುಮಾರು 2.7 ಲಕ್ಷ ಮಕ್ಕಳನ್ನು ಒಟ್ಟಿಗೆ ನೋಡಿದ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಬಂತು. ಆ ಮಕ್ಕಳ ನಡವಳಿಕೆ ಸುಧಾರಿಸಿತ್ತು, ಓದಿನಲ್ಲೂ ಸರಾಸರಿ 11 ಪರ್ಸೆಂಟೈಲ್ ಮುಂದಿದ್ದರು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಡುವೆ ಇರುವವನು ಹನ್ನೊಂದು ಸ್ಥಾನ ಮುಂದೆ ಹೋದ ಹಾಗೆ. ಗಣಿತದ ಚಿಂತೆ ಇರುವ ನಿಮಗೆ ಇದು ಬೇಕಾದ ವಿಷಯ. ನಮ್ಮ ನಿಮ್ಹಾನ್ಸ್ ಕೂಡ ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ ಪಾಠ ರೂಪಿಸಿದೆ, ಆಟ ಮತ್ತು ಚರ್ಚೆಯ ಮೂಲಕ ಅದನ್ನು ನಡೆಸುವವರು ಶಾಲೆಯ ಮೇಷ್ಟ್ರುಗಳೇ. ಅಂದರೆ ಕೌನ್ಸೆಲರ್ ಬಂದರೆ ಮೇಷ್ಟ್ರ ಜಾಗವೇನೂ ಹೋಗುವುದಿಲ್ಲ, ಬೆನ್ನಿಗೆ ಒಬ್ಬರು ನಿಂತ ಹಾಗಾಗುತ್ತದೆ.

ಮತ್ತೆ, ಇದು ಬರೀ ನನ್ನ ಆಸೆಯಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಇರಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮೂರಿನ ಶಾಲೆಯಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಗಣಿತದ ಹುದ್ದೆ ಯಾವಾಗ ತುಂಬುತ್ತೀರಿ ಅಂತ ಕೇಳಿ, ಕೌನ್ಸೆಲರ್ ಯಾವಾಗ ಬರುತ್ತಾರೆ ಅಂತಲೂ ಕೇಳಿ. ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಒಂದೇ ಅರ್ಜಿಯಲ್ಲಿ ಎರಡನ್ನೂ ಬರೆಯಬಹುದು. ತೀರ್ಪಿನ ಪ್ರತಿ ಬೇಕಿದ್ದರೆ ಒಂದು ಸಾಲು ಬರೆಯಿರಿ, ಕಳಿಸಿಕೊಡುತ್ತೇನೆ.

– ಸಂಪಾದಕ