ಗಿಡ ಬಗ್ಗಲಿ ಸ್ವಾಮಿ, ಅದಕ್ಕೆ ಕಲ್ಲು ಕಟ್ಟಬೇಡಿ

ಓದುಗರೊಬ್ಬರ ಪತ್ರ: ‘ನನ್ನ ಮಗನಿಗೆ ಏಳು ವರ್ಷ. ಒಂದು ವರ್ಷದಿಂದ ದಿನಾ ಎರಡು ಗಂಟೆ ತಾಲೀಮು ಮಾಡಿಸುತ್ತಿದ್ದೇನೆ. ಬಸ್ಕಿ, ದಂಡ, ಓಟ, ಆಮೇಲೆ ಡಂಬೆಲ್. ಹೊಟ್ಟೆಯ ಮೇಲೆ ಆರೂ ಪ್ಯಾಕ್ ಎದ್ದು ಕಾಣುತ್ತವೆ. ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ಯಾಕೆ ಅಂತ ನೆಂಟರ ತಕರಾರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಗ್ರೀಸಿನ ಜಟ್ಟಿ ಮೈಲೊ ದಿನಾ ಕರು ಹೊತ್ತು ಹೊತ್ತೇ ಅಲ್ಲವೇ ಕೊನೆಗೆ ಹೋರಿ ಹೊತ್ತಿದ್ದು? ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದವನೇ ಗೆಲ್ಲುವುದಂತೆ, ನನ್ನ ಮಗನಿಗೆ ಇಪ್ಪತ್ತಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಮುಂದಿನ ತಿಂಗಳು ಮಕ್ಕಳ ದೇಹದಾರ್ಢ್ಯ ಸ್ಪರ್ಧೆಗೆ ಹೆಸರು ಕೊಡಬೇಕೆಂದಿದ್ದೇನೆ. ನಿಮ್ಮ ಅಭಿಪ್ರಾಯವೇನು? ಫೋಟೊ ಇಟ್ಟಿದ್ದೇನೆ. ಪ್ರಕಟಿಸಿದರೆ ಹುಡುಗನಿಗೆ ಪ್ರೋತ್ಸಾಹ.’ — ಒಬ್ಬ ತಂದೆ

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಮೇಜಿನ ಮೇಲೇ ಇತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಆ ಫೋಟೊ ಕಣ್ಣಿಗೆ ಬೀಳುತ್ತಿತ್ತು, ಪೆನ್ನು ನಿಂತುಬಿಡುತ್ತಿತ್ತು. ಫೋಟೊ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಮಗ ಫೋನ್ ಹಿಡಿದು ಸೋಫಾದಲ್ಲಿ ಕರಗಿ ಹೋಗುವುದಕ್ಕಿಂತ ಬೆವರು ಸುರಿಸಲಿ ಅಂತ ಬಯಸಿದ್ದೀರಿ, ಸರಿ. ಅದಕ್ಕಾಗಿ ನೀವೂ ದಿನಾ ಎರಡು ಗಂಟೆ ಕೊಡುತ್ತೀರಿ, ಅದು ಸಣ್ಣ ಮಾತಲ್ಲ. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಹಳೇ ಹೆದರಿಕೆಗೂ ಆಧಾರವಿಲ್ಲ. ಪಕ್ಕದಲ್ಲಿ ತಿಳಿದವರಿದ್ದು, ಭಾರ ಕಮ್ಮಿ ಇದ್ದು, ಮೈ ಹೇಗೆ ಇಡಬೇಕು ಎಂಬುದನ್ನು ಸರಿಯಾಗಿ ಕಲಿಸಿದರೆ ಮಕ್ಕಳಿಗೂ ಶಕ್ತಿ ವ್ಯಾಯಾಮ ಒಳ್ಳೆಯದೇ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಮತ್ತೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 5ರಿಂದ 17 ವರ್ಷದವರು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕು ಎನ್ನುತ್ತದೆ. ಅಲ್ಲಿಗೆ ನಿಮ್ಮ ಪಾಲು ಮುಗಿಯಿತು. ಇನ್ನು ನನ್ನದು.

ನಿಮ್ಮ ಗಾದೆಯನ್ನೇ ಹಿಡಿಯುತ್ತೇನೆ. ಗಿಡವಾಗಿ ಬಗ್ಗಬೇಕು, ಒಪ್ಪಿದೆ. ಬಗ್ಗುವುದು ಎಂದರೇನು? ಗಾಳಿ ಬಂದಾಗ ಬಾಗುವುದು, ಗಾಳಿ ಹೋದ ಮೇಲೆ ಎದ್ದು ನಿಲ್ಲುವುದು. ನೀವು ಮಾಡುತ್ತಿರುವುದು ಅದಲ್ಲ. ಗಿಡದ ಕೊಂಬೆಗೆ ಕಲ್ಲು ನೇತುಹಾಕಿ, ನೋಡಿ ಎಷ್ಟು ಚೆನ್ನಾಗಿ ಬಾಗಿದೆ ಅಂತ ನೆಂಟರನ್ನು ಕರೆದು ತೋರಿಸುತ್ತಿದ್ದೀರಿ. ಕೋಪ ಮಾಡಿಕೊಳ್ಳಬೇಡಿ. ಪತ್ರ ಬರೆದು ಕೇಳಿದ್ದೀರಿ ಅಂದರೆ ನಿಮ್ಮೊಳಗೂ ಎಲ್ಲೋ ಒಂದು ಅನುಮಾನ ಇದ್ದೇ ಇದೆ, ಅಲ್ವಾ?

ಆ ಆರು ಪ್ಯಾಕ್ ವಿಷಯ. ಏಳು ವರ್ಷದ ಹುಡುಗನ ಮೈಯಲ್ಲಿ ದೊಡ್ಡ ಸ್ನಾಯು ಕಟ್ಟುವ ಸಾಮಾನೇ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಬೇಕಾದ ಹಾರ್ಮೋನು ಏರುವುದು ಮೀಸೆ ಚಿಗುರುವ ಕಾಲಕ್ಕೆ. ಅದಕ್ಕೂ ಮುಂಚೆ ಮಗು ತಾಲೀಮಿನಿಂದ ಬಲವಾಗುತ್ತದೆ ನಿಜ, ಆದರೆ ಆ ಬಲ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವನ್ನೇ ಜಾಸ್ತಿ ಚೆನ್ನಾಗಿ ಬಳಸಲು ಮೆದುಳು ಕಲಿಯುತ್ತದೆ, ಅಷ್ಟೆ. ಹಾಗಾದರೆ ಹೊಟ್ಟೆಯ ಮೇಲೆ ಕಾಣುವ ಗೆರೆಗಳೇನು? ಚರ್ಮದ ಕೆಳಗಿನ ಕೊಬ್ಬು ಹೋಗಿದೆ, ಅದಕ್ಕೇ ಕಾಣುತ್ತಿವೆ. ಬೆಳೆಯುವ ಮಗುವಿಗೆ ಆ ಕೊಬ್ಬು ವ್ಯರ್ಥವಲ್ಲ, ಅದು ಮುಂದಕ್ಕೆ ಇಟ್ಟುಕೊಂಡ ಗಂಟು. ನೀವು ಹೆಮ್ಮೆಯಿಂದ ಎಣಿಸುತ್ತಿರುವುದು ಖರ್ಚಾಗಿ ಹೋದ ಗಂಟಿನ ಗುರುತನ್ನು.

ಮೂಳೆಯದ್ದು ಇನ್ನೊಂದು ಕಥೆ. ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೆತ್ತನೆಯ ಒಂದು ಪದರ ಇರುತ್ತದೆ, ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮೂಳೆ ಉದ್ದವಾಗುವುದು ಅಲ್ಲಿಂದ. ಹುಡುಗಿಯರಲ್ಲಿ ಸುಮಾರು 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮೂಳೆಗಿಂತ ಅದೇ ಮೆದು. ಒಂದು ಸಲ ಎತ್ತಿದ ಭಾರಕ್ಕಿಂತ ಅದಕ್ಕೆ ತೊಂದರೆ ಕೊಡುವುದು ಒಂದೇ ಚಲನೆಯನ್ನು ದಿನಾ ನೂರಾರು ಸಲ ಮಾಡುವುದು. ಅಂಗೈ ಊರಿ ಊರಿ ಪಲ್ಟಿ ಹೊಡೆಯುವ ಜಿಮ್ನಾಸ್ಟಿಕ್ಸ್ ಹುಡುಗಿಯರ ಮಣಿಕಟ್ಟಿನಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಆ ನೋವಿಗೆ ಆ ಆಟದ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮಕ್ಕಳ ಮೊಣಕೈ ಹಾಳಾಗುತ್ತಿದೆ ಅಂತ ಲಿಟಲ್ ಲೀಗ್‌ನವರು 2007ರಿಂದ ದಿನಕ್ಕೆ ಎಷ್ಟು ಎಸೆತ ಅಂತ ಎಣಿಸಿಯೇ ಎಸೆಯಲು ಬಿಡುತ್ತಾರೆ. ಮೊದಲು ಹೇಳಿದೆನಲ್ಲ, ಆ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲೇ ಬಿಡಿಸಿ ಹೇಳಿತ್ತು: ಶಕ್ತಿ ವ್ಯಾಯಾಮ ಬೇರೆ, ದೇಹದಾರ್ಢ್ಯ ಬೇರೆ. ಎಷ್ಟು ಎತ್ತಬಲ್ಲೆ ನೋಡೋಣ ಎನ್ನುವ ಪವರ್‌ಲಿಫ್ಟಿಂಗ್, ಬಾಡಿಬಿಲ್ಡಿಂಗ್ ಎಲ್ಲ ಮೂಳೆ ಮಾಗಿದ ಮೇಲೆ.

ಕ್ರೀಡಾ ವೈದ್ಯರು ಹೇಳುವ ಒಂದು ಸುಲಭ ಲೆಕ್ಕವೂ ಇದೆ. ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ತರಬೇತಿ ಬೇಡ. ನಿಮ್ಮ ಮಗನಿಗೆ ಏಳು. ನೀವು ಹದಿನಾಲ್ಕು ಗಂಟೆ ಮಾಡಿಸುತ್ತಿದ್ದೀರಿ. ರಜೆಯ ದಿನದ ಮಾತೇ ಪತ್ರದಲ್ಲಿಲ್ಲ.

ಹತ್ತು ಸಾವಿರ ಗಂಟೆಯ ಮಾತೂ ಎತ್ತಿದ್ದೀರಿ. ಈ ಲೆಕ್ಕ ಬಂದಿದ್ದು ಎಲ್ಲಿಂದ ಗೊತ್ತೇ? ಮೈದಾನದಿಂದಲ್ಲ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳಿಂದ. ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಗಾರರು 1993ರಲ್ಲಿ ಬರೆದ ಪ್ರಬಂಧ ಅದು. ಚೆನ್ನಾಗಿ ನುಡಿಸುವವರು ಇಪ್ಪತ್ತರ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಅಭ್ಯಾಸ ಮಾಡಿದ್ದರು. ಸರಾಸರಿ, ಅಂದರೆ ಎಷ್ಟೋ ಜನ ಅಷ್ಟು ಮಾಡಿರಲಿಲ್ಲ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಅದನ್ನು ಮಾತ್ರ ಯಾರೂ ಗೋಡೆಗೆ ಅಂಟಿಸುವುದಿಲ್ಲ. ಚೆನ್ನಾಗಿ ನುಡಿಸುವವರು ಉಳಿದವರಿಗಿಂತ ಜಾಸ್ತಿ ನಿದ್ದೆಯನ್ನೂ ಮಾಡುತ್ತಿದ್ದರು. ಮಧ್ಯಾಹ್ನ ಕೂಡ ಮಲಗುತ್ತಿದ್ದರು! ನಿಮ್ಮ ಮಗನ ಎರಡು ಗಂಟೆ ಯಾವ ಹೊತ್ತಿನದ್ದು? ಬೆಳಗಿನ ನಿದ್ದೆಯಿಂದ ಕಿತ್ತಿದ್ದೇ?

ಈಗ ಮೈಲೊಗೆ ಬರೋಣ. ನೀವು ಇವನನ್ನು ಎತ್ತಿದ್ದು ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಅವನು ನನ್ನ ಸಾಕ್ಷಿ, ನಿಮ್ಮದಲ್ಲ. ಆ ಕರುವಿನ ಕಥೆಯಲ್ಲಿ ಎಲ್ಲರೂ ಜಟ್ಟಿಯನ್ನು ನೋಡುತ್ತಾರೆ, ಕರುವನ್ನು ನೋಡುವುದಿಲ್ಲ. ಕರು ತನ್ನ ಪಾಡಿಗೆ ತಾನು ಬೆಳೆಯಿತು. ನಾಳೆಯೇ ಹೋರಿಯಾಗು ಅಂತ ಅದನ್ನು ಯಾರೂ ಗದರಲಿಲ್ಲ.

ಮೈಲೊ ಬಗ್ಗೆ ಇನ್ನೂ ಒಂದು ಮಾತು. ಕ್ರಿ.ಪೂ. 540ರಲ್ಲಿ ಅವನು ಒಲಿಂಪಿಕ್ಸ್‌ನ ಬಾಲಕರ ಕುಸ್ತಿ ಗೆದ್ದ. ಆಮೇಲೆ ದೊಡ್ಡವರ ಕುಸ್ತಿಯನ್ನು ಐದು ಸಲ ಗೆದ್ದ. ನೋಡಿ, ಚಿಕ್ಕಂದಿನಲ್ಲಿ ಗೆದ್ದವನು ದೊಡ್ಡವನಾಗಿಯೂ ಗೆದ್ದ ಅನ್ನುತ್ತೀರಿ. ತಡೆಯಿರಿ. ಅವನಾದ ಮೇಲೆ ಎರಡು ಶತಮಾನ ಕಳೆದು ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ ಇದೇ ನಿಮ್ಮ ಪ್ರಶ್ನೆಯನ್ನು ಎತ್ತಿಕೊಂಡ. ಬಾಲಕನಾಗಿಯೂ ದೊಡ್ಡವನಾಗಿಯೂ ಒಲಿಂಪಿಕ್ಸ್ ಗೆದ್ದವರು ಇಬ್ಬರೋ ಮೂವರೋ ಸಿಕ್ಕಾರು, ಅಷ್ಟೆ ಅಂದ. ಚಿಕ್ಕಂದಿನ ಕಠಿಣ ತಾಲೀಮು ಅವರ ಶಕ್ತಿಯನ್ನು ಹೀರಿಬಿಟ್ಟಿರುತ್ತದೆ ಎಂದು ಕಾರಣವನ್ನೂ ಕೊಟ್ಟ. ಪ್ರಾಯ ಬರುವವರೆಗೆ ಹಗುರ ವ್ಯಾಯಾಮ ಸಾಕು, ಪಥ್ಯ ಹಾಕಿ ಒತ್ತಾಯದ ದಂಡನೆ ಬೇಡ ಅಂತಲೂ ಬರೆದ. ಇದು ಸುಮ್ನೆ ಬಾಯಿಗೆ ಬಂದ ಮಾತಲ್ಲ. ಗ್ರೀಸಿನ ಇನ್ನೊಂದು ದೊಡ್ಡ ಕ್ರೀಡಾಕೂಟದ ವಿಜೇತರ ಪಟ್ಟಿಯನ್ನು ಕೂತು ತಯಾರಿಸಿದ ಮನುಷ್ಯ ಅವನು. ಹೆಸರುಗಳನ್ನು ಎಣಿಸಿ ಗೊತ್ತಿದ್ದವನು. ನೀವು ಮೈಲೊ ಒಬ್ಬನನ್ನು ಕಂಡಿರಿ, ಅರಿಸ್ಟಾಟಲ್ ಇಡೀ ಪಟ್ಟಿ ಕಂಡ.

2021ರಲ್ಲಿ ಸಾವಿರಾರು ಆಟಗಾರರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗಲೂ ಇದೇ ಚಿತ್ರ ಕಂಡಿತು. ಬಾಲಕರ ಮಟ್ಟದಲ್ಲಿ ಮಿಂಚುವವರು ಬೇಗ ಶುರು ಮಾಡಿ ಒಂದೇ ಆಟಕ್ಕೆ ಅಂಟಿಕೊಂಡವರು. ದೊಡ್ಡವರಾಗಿ ಜಗತ್ತು ಗೆದ್ದವರು ಚಿಕ್ಕಂದಿನಲ್ಲಿ ಬೇರೆ ಬೇರೆ ಆಟ ಆಡಿಕೊಂಡಿದ್ದವರು, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದವರು, ಮೊದಮೊದಲು ನಿಧಾನವಾಗಿಯೇ ಮುಂದೆ ಹೋದವರು. ಮಗ ಹಿಂದೆ ಬಿದ್ದಿದ್ದಾನೆ ಅಂತ ಅಪ್ಪಂದಿರು ರಾತ್ರಿ ನಿದ್ದೆಗೆಡುತ್ತಾರಲ್ಲ, ಆ ಹಿಂದೆ ಬಿದ್ದವರು!

ಫೋಟೊಗೆ ನಿಲ್ಲಿಸಿದ ಮಕ್ಕಳು ಏನಾಗುತ್ತಾರೆ ಅಂತಲೂ ನೋಡಿದ್ದೇವೆ. 1992ರಲ್ಲಿ ಯುಕ್ರೇನಿನಲ್ಲಿ ಹುಟ್ಟಿದ ರಿಚರ್ಡ್ ಸಾಂಡ್ರಾಕ್‌ಗೆ ಬಾಲ್ಯದಲ್ಲೇ ಮೈ ಕಟ್ಟಿಸಿ, ‘ಲಿಟಲ್ ಹರ್ಕ್ಯುಲಿಸ್’ ಅಂತ ಬಿರುದು ಕೊಟ್ಟು ಊರೂರು ಮೆರೆಸಿದರು. ದೊಡ್ಡವನಾದ ಮೇಲೆ ಅವನು ಭಾರ ಎತ್ತುವುದನ್ನೇ ಬಿಟ್ಟ, ಬೇಜಾರು ಬಂದಿತ್ತು ಅಂದ. ಆಮೇಲೆ ಸಿಕ್ಕ ಕೆಲಸ ಮೈಗೆ ಬೆಂಕಿ ಹಚ್ಚಿಕೊಂಡು ಸ್ಟಂಟ್ ಮಾಡುವುದು. ಒಡಿಶಾದ ಬುಧಿಯಾ ಸಿಂಗ್ ನೆನಪಿದೆಯೇ? 2006ರ ಮೇ ತಿಂಗಳ ಬಿಸಿಲಲ್ಲಿ ಪುರಿಯಿಂದ ಭುವನೇಶ್ವರಕ್ಕೆ 65 ಕಿಲೋಮೀಟರ್ ಓಡಿದ ಮಗು. ವಯಸ್ಸು ನಾಲ್ಕು. ಏಳು ಗಂಟೆ ಎರಡು ನಿಮಿಷ. ಟೀವಿ ಮುಂದೆ ಕೂತು ನಾವೆಲ್ಲ ಚಪ್ಪಾಳೆ ಹೊಡೆದೆವು. ಒಲಿಂಪಿಕ್ಸ್ ಮ್ಯಾರಥಾನ್ ಕೂಡ 42 ಕಿಲೋಮೀಟರ್ ಚಿಲ್ಲರೆ, ಅದನ್ನು ಓಡುವವರು ಬೆಳೆದ ಗಂಡಸರು, ಹೆಂಗಸರು. ಆ ಒಲಿಂಪಿಕ್ಸ್‌ವರೆಗೆ ಆ ಹುಡುಗ ಹೋಗಲೇ ಇಲ್ಲ.

ಆಟ ನಡೆಸುವವರೇ ಈಗ ಹೆದರಿ ವಯಸ್ಸು ಏರಿಸುತ್ತಿದ್ದಾರೆ. 1976ರ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ ಹತ್ತಕ್ಕೆ ಹತ್ತು ಪಡೆದಾಗ ಅವಳಿಗೆ 14. ಇವತ್ತಾದರೆ ಅವಳನ್ನು ಒಲಿಂಪಿಕ್ಸ್‌ಗೆ ಬಿಡುವುದಿಲ್ಲ, 1997ರಿಂದ ಕನಿಷ್ಠ 16. ಮಂಜುಗಡ್ಡೆಯ ಮೇಲೆ ಕುಣಿಯುವ ಸ್ಕೇಟಿಂಗ್‌ನವರು 2022ರಲ್ಲಿ ಮತ ಹಾಕಿ 17ಕ್ಕೆ ಏರಿಸಿದರು. ಅತ್ತ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ತನ್ನ ಎಂಟನೇ ಒಲಿಂಪಿಕ್ಸ್‌ನಲ್ಲಿ ಪಲ್ಟಿ ಹೊಡೆದಾಗ ಅವಳಿಗೆ 46. ಅವಸರ ಯಾರಿಗೆ ಸ್ವಾಮಿ?

ನಾನು ಬೆಳಗ್ಗೆ ವಾಕಿಂಗ್ ಹೋಗುವ ಮೈದಾನದಲ್ಲಿ ಒಬ್ಬ ಅಪ್ಪ ಮಗನನ್ನು ಓಡಿಸುತ್ತಿದ್ದ. ಕೈಯಲ್ಲಿ ಸ್ಟಾಪ್‌ವಾಚ್. ಹುಡುಗ ಆರೋ ಏಳೋ. ಮೂರನೇ ಸುತ್ತಿನಲ್ಲಿ ಹುಡುಗ ಮೂಲೆಯಲ್ಲಿ ನಿಂತುಬಿಟ್ಟ. ಸುಸ್ತಾಯಿತೇನೋ ಅಂತ ಹತ್ತಿರ ಹೋದೆ. ಕಂಬಳಿಹುಳ ಒಂದು ಓಟದ ಗೆರೆ ದಾಟುತ್ತಿತ್ತು. ಅದು ದಾಟಲಿ ಅಂತ ಇವನು ಕಾಯುತ್ತಿದ್ದ, ಹಿಂದೆ ಬರುವವರು ತುಳಿಯದಿರಲಿ ಅಂತ ಎರಡೂ ಕೈ ಅಡ್ಡ ಹಿಡಿದು. ಅಪ್ಪ ಆ ಕಡೆಯಿಂದ ಕೂಗಿದ, ‘ಟೈಮ್ ಹೋಗ್ತಾ ಇದೆ!’ ಹುಡುಗ ಹುಳದ ಮೇಲಿಂದ ಹಾರಿ ಓಡಿದ. ಚೆನ್ನಾಗಿಯೇ ಹಾರಿದ, ಆ ದಿನ ನಾನು ಕಂಡ ಅತಿ ಒಳ್ಳೆಯ ಜಿಗಿತ ಅದೇ. ಅದು ಸ್ಟಾಪ್‌ವಾಚ್‌ನಲ್ಲಿ ದಾಖಲಾಗಲಿಲ್ಲ.

ಆಟಗಾರ ಎನ್ನುವ ಪದವನ್ನೇ ನೋಡಿ, ಆಟ ಮೊದಲು, ಗಾರ ಆಮೇಲೆ. ನಾವು ಗಾರನನ್ನು ಮೊದಲು ತಯಾರಿಸಲು ಹೊರಟಿದ್ದೇವೆ. ಇದು ನಿಮ್ಮೊಬ್ಬರ ತಪ್ಪಲ್ಲ ಬಿಡಿ. ಎಲ್ಲ ಕಡೆ ಇದೇ ಆಗಿದೆ. ಐದು ವರ್ಷದ ಮಗುವಿನ ಮುಖಕ್ಕೆ ಬಣ್ಣ ಬಳಿದು ಟೀವಿಯಲ್ಲಿ ವಿರಹದ ಹಾಡು ಹಾಡಿಸುತ್ತಾರೆ, ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ. ಎಲ್‌ಕೆಜಿಗೆ ಕೋಚಿಂಗ್, ಬೇಸಿಗೆ ರಜೆಗೆ ಶಿಬಿರ, ಶಿಬಿರದ ಕೊನೆಗೆ ಸರ್ಟಿಫಿಕೇಟು. ಶಾಲೆಯಲ್ಲಿ ವಾರಕ್ಕೆ ಒಂದೋ ಎರಡೋ ಆಟದ ಪೀರಿಯಡ್ ಇದ್ದರೆ ಪರೀಕ್ಷೆ ಹತ್ತಿರ ಬಂತು ಅಂತ ಗಣಿತದ ಮೇಷ್ಟ್ರು ಬಂದು ಕಸಿದುಕೊಳ್ಳುತ್ತಾರೆ. ಅದೇ ಶಾಲೆಯಿಂದ ಸಂಜೆ ಹೊರಬಂದ ಮಗುವನ್ನು ಅಪ್ಪ ದುಡ್ಡು ಕೊಟ್ಟು ಕ್ರೀಡಾ ಅಕಾಡೆಮಿಗೆ ಸೇರಿಸುತ್ತಾನೆ. ಮರ ಹತ್ತುವುದು, ಗೋಡೆ ಹಾರುವುದು, ಯಾವ ಕಾರಣವೂ ಇಲ್ಲದೆ ಸುಮ್ನೆ ಓಡುವುದು, ಇವೆಲ್ಲ ಸೇರಿ ಮಾಡುತ್ತಿದ್ದ ಕೆಲಸವನ್ನೇ ಈಗ ಬಿಡಿಬಿಡಿಯಾಗಿ ಫೀಸು ಕಟ್ಟಿ ಕೊಳ್ಳುತ್ತಿದ್ದೇವೆ.

ನಾನೂ ಸಾಚಾ ಅಲ್ಲ. ನಮ್ಮದೇ ಪತ್ರಿಕೆಯಲ್ಲಿ ಎಷ್ಟೋ ವರ್ಷ ಪುಟಾಣಿ ಪ್ರತಿಭೆಗಳಿಗೆ ಅಂತ ಒಂದು ಪುಟ ಮೀಸಲಿತ್ತು. ಟೈರ್ ಎಳೆಯುವ ಹುಡುಗ, ಒಂದೇ ಸಮ ಪಲ್ಟಿ ಹೊಡೆಯುವ ಹುಡುಗಿ, ಎಲ್ಲರನ್ನೂ ಹಾಕಿದ್ದೇನೆ. ಒಂದು ಸಲ ಒಬ್ಬ ತಾಯಿ ಫೋನ್ ಮಾಡಿದರು. ಎರಡು ವರ್ಷದ ಹಿಂದೆ ಪುಟದಲ್ಲಿ ಬಂದಿದ್ದ ಹುಡುಗನ ತಾಯಿ. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ. ‘ಆ ಸಂಚಿಕೆಯ ಪ್ರತಿ ಇನ್ನೂ ಉಳಿದಿದ್ದರೆ ಮಾರಬೇಡಿ ಸಾರ್, ಅವನಿಗೆ ಅದನ್ನು ನೋಡಿದರೆ ಆಗುವುದಿಲ್ಲ’ ಅಂದರು. ಜಾಸ್ತಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಪುಟ ನಿಲ್ಲಿಸಿದೆ. ಜಾಹೀರಾತು ವಿಭಾಗದವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಹಾಗಾಗಿ ಸ್ಪರ್ಧೆಗೆ ಹೆಸರು ಕೊಡಬೇಡಿ. ಡಂಬೆಲ್ ನೀವೇ ಎತ್ತಿ, ನಿಮ್ಮ ಮೂಳೆಗೆ ಬೇಕಾದಷ್ಟು ವಯಸ್ಸಾಗಿದೆ. ಪ್ರೋಟೀನ್ ಪುಡಿ ಏನಾದರೂ ಕೊಡುತ್ತಿದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. ಬಸ್ಕಿ ಅವನಿಗೇ ಇಷ್ಟವಿದ್ದರೆ ಹೊಡೆಯಲಿ, ಎಣಿಸಬೇಡಿ.

ಇನ್ನು ಫೋಟೊ. ಪ್ರಕಟಿಸುತ್ತಿಲ್ಲ, ಈ ಪತ್ರದ ಜೊತೆಗೇ ವಾಪಸ್ ಕಳಿಸಿದ್ದೇನೆ. ಬಂದಾಗ ಸರಿಯಾಗಿ ನೋಡಿ. ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದಾನೆ, ಕಣ್ಣು ಕ್ಯಾಮೆರಾ ಮೇಲಿಲ್ಲ, ಪಕ್ಕದಲ್ಲಿ ನಿಂತ ಯಾರ ಮೇಲೋ ಇದೆ. ನಿಮ್ಮ ಮೇಲೇ ಇರಬೇಕು. ಆಮೇಲೆ ಎಡ ಮೊಣಕಾಲು ನೋಡಿ. ತರಚಿ ಹಕ್ಕಳೆ ಕಟ್ಟಿದೆ. ಅದು ತಾಲೀಮಿನ ಗಾಯದ ಹಾಗೆ ಕಾಣುವುದಿಲ್ಲ. ಎಲ್ಲೋ ನಿಮ್ಮ ಕಣ್ಣು ತಪ್ಪಿಸಿ ಬಿದ್ದು ಬಂದಿದ್ದಾನೆ. ಎಲ್ಲಿ ಬಿದ್ದ, ಯಾರ ಜೊತೆ ಓಡುತ್ತಿದ್ದ ಅಂತ ಅವನನ್ನೇ ಕೇಳಿ, ಬೈಯುವುದಿಲ್ಲ ಅಂತ ಮೊದಲೇ ಹೇಳಿ ಕೇಳಿ. ಅದನ್ನು ಅವನ ಕೈಯಲ್ಲೇ ಬರೆಸಿ ಕಳಿಸಿ. ಒಂದು ಪುಟ ಖಾಲಿ ಬಿಟ್ಟಿರುತ್ತೇನೆ.

— ಸಂ.