ಕಾಲೇಜು ಸೇರುವಾಗ ಕ್ಯಾಂಪಸ್ ಹಾಸ್ಟೆಲ್‌ನಲ್ಲಿ ಇರುವುದು ಒಳ್ಳೆಯದಾ, ಹೊರಗೆ ರೂಮ್ ಮಾಡುವುದಾ?

ಮೊದಲ ವರ್ಷವಾದರೆ ಹಾಸ್ಟೆಲ್‌ನಲ್ಲೇ ಇರಿ. ಓಡಾಟದ ಸಮಯ ಉಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಲಾಭ ಅಕ್ಕಪಕ್ಕದ ರೂಮಿನವರು. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಲೆಕ್ಕ ತಲೆಗೆ ಹತ್ತದಿದ್ದರೆ ಎದುರಿನ ಬಾಗಿಲು ತಟ್ಟಿ ಕೇಳಬಹುದು. ಜ್ವರ ಬಂದು ಮಲಗಿದರೆ ಯಾರಾದರೂ ಬಂದು ನೋಡುತ್ತಾರೆ. ಹೊಸ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಕಷ್ಟವೂ ಇದೆ. ಸದ್ದು ಜಾಸ್ತಿ, ಒಬ್ಬರೇ ಇರಬೇಕು ಅನ್ನಿಸಿದಾಗ ಜಾಗ ಸಿಗುವುದಿಲ್ಲ. ರೂಮ್‌ಮೇಟ್ ಜೊತೆ ಮನಸ್ತಾಪ ಶುರುವಾಗುವುದು ಹೆಚ್ಚಾಗಿ ಚಿಕ್ಕ ವಿಷಯಕ್ಕೇ: ಲೈಟ್ ಎಷ್ಟು ಹೊತ್ತಿಗೆ ಆರಿಸಬೇಕು, ಬೆಳಗ್ಗೆ ಅಲಾರಂ ಎಷ್ಟು ಸಲ ಹೊಡೆದುಕೊಳ್ಳಬಹುದು, ಗೆಳೆಯರು ಬಂದರೆ ಎಷ್ಟು ಹೊತ್ತು ಕೂರಬಹುದು. ಮೊದಲ ವಾರದಲ್ಲೇ ಇದನ್ನೆಲ್ಲ ಬಾಯಿಬಿಟ್ಟು ಮಾತಾಡಿಕೊಳ್ಳಿ. ಸಿಟ್ಟು ಬಂದ ಮೇಲೆ ಹೇಳಿದರೆ ಅದು ದೂರಿನ ಥರ ಕೇಳಿಸುತ್ತದೆ, ಅಲ್ವಾ?

ಖರ್ಚು ಹೋಲಿಸುವಾಗ ಬರೀ ಬಾಡಿಗೆ ನೋಡಬೇಡಿ. ಹಾಸ್ಟೆಲ್ ಫೀಸಿನಲ್ಲಿ ಕರೆಂಟು, ನೀರು, ಇಂಟರ್ನೆಟ್, ಊಟ ಸೇರಿದೆಯಾ ಕೇಳಿ. ರಜೆಯಲ್ಲಿ ರೂಮ್ ಖಾಲಿ ಮಾಡಬೇಕಾ, ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದಾ ಅನ್ನುವುದನ್ನೂ ನಿಯಮದ ಹಾಳೆಯಲ್ಲೇ ಓದಿ, ಸುಮ್ನೆ ಯಾರದೋ ಮಾತು ನಂಬಬೇಡಿ.

ಕೀ ಕೈಗೆ ಬಂದ ದಿನವೇ ಗೋಡೆಯ ಬಿರುಕು, ಮುರಿದ ಚಿಲಕ, ಮಂಚದ ಕಾಲು ಎಲ್ಲದರ ಫೋಟೋ ತೆಗೆದು ವಾರ್ಡನ್‌ಗೆ ಕಳಿಸಿ. ಇಲ್ಲದಿದ್ದರೆ ಬಿಡುವಾಗ ಹಳೇ ಹಾನಿಗೂ ನಿಮ್ಮ ಡೆಪಾಸಿಟ್‌ನಲ್ಲೇ ಹಣ ಹಿಡಿಯಬಹುದು.